ಎಲ್ಲದಕ್ಕೂ ‘ಥ್ರೋ’ ಸಾಕಾ? ಎಸೆಯುವ ಇಂಗ್ಲಿಷ್ ಪದಗಳನ್ನು ಬಳಸುವ ಬಗೆ

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ‘ನಿಘಂಟು ತೆಗೆದರೆ ಥ್ರೋ ಅಂದರೂ ಎಸೆ, ಟಾಸ್ ಅಂದರೂ ಎಸೆ. ಹರ್ಲ್, ಫ್ಲಿಂಗ್, ಚಕ್, ಕಾಸ್ಟ್ ಎಲ್ಲದರ ಮುಂದೆಯೂ ಎಸೆ ಅಂತಲೇ ಬರೆದಿದೆ. ಯಾವುದನ್ನು ಎಲ್ಲಿ ಹಾಕೋದು?’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲು ನಮ್ಮ ಕನ್ನಡವನ್ನೇ ನೋಡಿ. ನಾವೇನು ಎಲ್ಲದಕ್ಕೂ ‘ಎಸೆ’ ಅನ್ನುತ್ತೇವಾ? ಚೆಂಡು ಎಸೆಯುತ್ತೇವೆ. ಬಲೆ ಬೀಸುತ್ತೇವೆ. ನೀರು ಎರಚುತ್ತೇವೆ. ಕಾಳು ಚೆಲ್ಲುತ್ತೇವೆ. ಹೊಟ್ಟು ತೂರುತ್ತೇವೆ. ಕಸ ಬಿಸಾಡುತ್ತೇವೆ. ‘ಒಗೆ’ ಅಂದರೆ ದಕ್ಷಿಣದವರು ಬಟ್ಟೆ ತರುತ್ತಾರೆ, ಉತ್ತರ ಕರ್ನಾಟಕದವರು ಕೈಯಲ್ಲಿದ್ದದ್ದನ್ನು ಎಸೆಯುತ್ತಾರೆ. ಕನ್ನಡ ಹೆಚ್ಚಾಗಿ ಎಸೆಯುವ ವಸ್ತು ಯಾವುದು ಅಂತ ನೋಡಿ ಪದ ಆರಿಸುತ್ತದೆ. ಇಂಗ್ಲಿಷ್ ಹೆಚ್ಚಾಗಿ ಎಸೆಯುವವರ ಕೈ ಎಷ್ಟು ಜೋರಾಗಿದೆ, ಮನಸ್ಸು ಹೇಗಿದೆ ಅಂತ ನೋಡುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಏನೇನು ಬೇಕು?

ಒಂದು ನೋಟ್‌ಬುಕ್. ಉದಾಹರಣೆ ವಾಕ್ಯಗಳಿರುವ ಒಂದು ಇಂಗ್ಲಿಷ್-ಇಂಗ್ಲಿಷ್ ನಿಘಂಟು, ಕಲಿಯುವವರಿಗೆಂದೇ ಮಾಡಿದ್ದಾದರೆ ಒಳ್ಳೆಯದು. ಜೊತೆಗೆ ಉಂಡೆ ಮಾಡಿದ ಒಂದು ಹಳೆಯ ಕಾಗದ. ತಮಾಷೆ ಅಲ್ಲ. ಮೂರನೇ ಹಂತಕ್ಕೆ ಬಂದಾಗ ಅದನ್ನು ನಿಜವಾಗಿಯೂ ಎಸೆದು ನೋಡಿ. ಕೈಗೆ ಗೊತ್ತಾದದ್ದು ತಲೆಯಿಂದ ಬೇಗ ಹೋಗುವುದಿಲ್ಲ.

ಹಂತ 1: ‘ಥ್ರೋ’ವನ್ನು ಗಟ್ಟಿ ಮಾಡಿಕೊಳ್ಳಿ

ಥ್ರೋ ಯಾವ ಬಣ್ಣವೂ ಇಲ್ಲದ ಪದ. ಜೋರಾಗಿ ಎಸೆದರೂ ಥ್ರೋ, ಮೆಲ್ಲಗೆ ಎಸೆದರೂ ಥ್ರೋ. ಯಾವ ಪದ ಅಂತ ಅನುಮಾನ ಬಂದರೆ ಸುಮ್ನೆ ಥ್ರೋ ಹಾಕಿಬಿಡಿ. ವಾಕ್ಯ ಸಪ್ಪೆಯಾಗಬಹುದು, ತಪ್ಪಾಗುವುದು ಕಡಿಮೆ.

ಇದರ ಮೂರು ರೂಪ: ವರ್ತಮಾನಕ್ಕೆ ಥ್ರೋ, ಭೂತಕಾಲಕ್ಕೆ ಥ್ರೂ, ‘ಹ್ಯಾವ್’ ಜೊತೆ ಬರುವಾಗ ಥ್ರೋನ್. ‘ಥ್ರೋಡ್’ ಅನ್ನುವ ರೂಪ ಬಳಕೆಯಲ್ಲಿ ಇಲ್ಲ.

ಕಾಗುಣಿತದಲ್ಲಿ ಎರಡು ಬಲೆಗಳಿವೆ. ‘ಎಸೆದನು’ ಅನ್ನುವ ಥ್ರೂ ಮತ್ತು ‘ಮೂಲಕ’ ಅನ್ನುವ ಥ್ರೂ ಕಿವಿಗೆ ಒಂದೇ. ಬರೆಯುವಾಗ ಮೊದಲನೆಯದು ಟಿ-ಎಚ್-ಆರ್-ಇ-ಡಬ್ಲ್ಯು. ಎರಡನೆಯದು ಟಿ-ಎಚ್-ಆರ್-ಓ-ಯು-ಜಿ-ಎಚ್. ಹಾಗೆಯೇ ‘ಎಸೆಯಲಾದ’ ಅನ್ನುವ ಥ್ರೋನ್ ಡಬ್ಲ್ಯು-ಎನ್‌ನಲ್ಲಿ ಮುಗಿದರೆ, ‘ಸಿಂಹಾಸನ’ ಅನ್ನುವ ಥ್ರೋನ್ ಎನ್-ಇಯಲ್ಲಿ ಮುಗಿಯುತ್ತದೆ. ಕಾಗುಣಿತ ತಿದ್ದುವ ತಂತ್ರಾಂಶ ಇಲ್ಲಿ ಹಲವು ಸಲ ಕೈಕೊಡುತ್ತದೆ. ನಾಲ್ಕೂ ಸರಿಯಾದ ಪದಗಳೇ ಅಲ್ವಾ?

ಉಚ್ಚಾರದ ಬಗ್ಗೆ ಒಂದು ಮಾತು. ನಾವು ಬರೆಯುವ ‘ಥ’ ಬೇರೆ, ಈ ಪದದ ಮೊದಲ ಸದ್ದು ಬೇರೆ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಟ್ಟರೆ ಅದು ಬರುತ್ತದೆ. ‘ಟ್ರೋ’ ಅಂತ ಹೇಳಿದರೆ ಕೇಳುವವರು ಒಂದು ಕ್ಷಣ ತಡವರಿಸಬಹುದು.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ತಿರುಚು, ತಿರುಗಿಸು ಎಂಬ ಅರ್ಥ ಇತ್ತು. ಕೈ ತಿರುಗಿಸಿ ಬಿಡುವುದರಿಂದ ಎಸೆಯುವ ಅರ್ಥ ಬಂತು ಅಂತ ಊಹಿಸಬಹುದು. ಆ ಹಳೆಯ ಅರ್ಥ ಕುಂಬಾರಿಕೆಯಲ್ಲಿ ಇನ್ನೂ ಜೀವಂತವಾಗಿದೆ. ‘ಥ್ರೋ ಎ ಪಾಟ್’ ಅಂದರೆ ಮಡಕೆಯನ್ನು ಎಸೆಯುವುದಲ್ಲ, ತಿರುಗುವ ಚಕ್ರದ ಮೇಲೆ ಮಡಕೆ ಮಾಡುವುದು. ಎಸೆದ ಅಂತ ಅನುವಾದ ಮಾಡಿದರೆ ಕುಂಬಾರನ ಕೆಲಸವೆಲ್ಲ ಚೂರುಚೂರು!

ಹಂತ 2: ‘ಟು’ ಮತ್ತು ‘ಆ್ಯಟ್’ ಬೇರೆ ಮಾಡಿ

ನನ್ನನ್ನು ಕೇಳಿದರೆ ಈ ಲೇಖನದಲ್ಲಿ ಇದೊಂದೇ ಹಂತ ಓದಿದರೂ ನಷ್ಟವಿಲ್ಲ. ನಾನು ಜಾಸ್ತಿ ನೋಡುವ ತಪ್ಪು ಕ್ರಿಯಾಪದದ್ದಲ್ಲ, ಅದರ ಹಿಂದೆ ಬರುವ ಈ ಪುಟ್ಟ ಪದದ್ದು.

‘ಥ್ರೋ ಟು’ ಅಂದರೆ ಅವರು ಹಿಡಿಯಲಿ ಅಂತ ಎಸೆಯುವುದು. ‘ಥ್ರೋ ಆ್ಯಟ್’ ಅಂದರೆ ಅವರಿಗೆ ತಾಗಲಿ ಅಂತ ಎಸೆಯುವುದು. ಮೊದಲನೆಯದು ಆಟ, ಎರಡನೆಯದು ಹೊಡೆತ.

ನಾವು ಯಾಕೆ ಎಡವುತ್ತೇವೆ? ಕನ್ನಡದ ‘-ಗೆ’ ಎರಡೂ ಕೆಲಸ ಮಾಡುತ್ತದೆ. ‘ನಾಯಿಗೆ ಬಿಸ್ಕತ್ತು ಎಸೆದ’ ಅನ್ನುತ್ತೇವೆ. ‘ನಾಯಿಗೆ ಕಲ್ಲು ಎಸೆದ’ ಅಂತಲೂ ಅನ್ನುತ್ತೇವೆ. ಬಿಸ್ಕತ್ತು ಪ್ರೀತಿಯದ್ದು, ಕಲ್ಲು ಸಿಟ್ಟಿನದ್ದು ಅಂತ ಕೇಳುವವರಿಗೆ ತಾನಾಗಿ ಗೊತ್ತಾಗುತ್ತದೆ. ಇಂಗ್ಲಿಷ್ ಅದನ್ನು ಬಾಯಿಬಿಟ್ಟು ಹೇಳಿಸುತ್ತದೆ. ಬಿಸ್ಕತ್ತಿಗೆ ‘ಟು ದ ಡಾಗ್’, ಕಲ್ಲಿಗೆ ‘ಆ್ಯಟ್ ದ ಡಾಗ್’. ಕಲಿಯುವ ದಿನಗಳಲ್ಲಿ ನಾನೇ ಮೈದಾನದಲ್ಲಿ ‘ಥ್ರೋ ಇಟ್ ಆ್ಯಟ್ ಮಿ’ ಅಂತ ಕೂಗಿದ್ದೆ. ಎದುರಿನವನು ನಕ್ಕು, ಬೇಕಂತಲೇ ಚೆಂಡನ್ನು ನನ್ನ ಮೊಣಕಾಲಿಗೆ ಗುರಿಯಿಟ್ಟ.

ಇದೇ ಲೆಕ್ಕ ‘ಶೌಟ್’ ಎಂಬ ಪದಕ್ಕೂ ಹೊಂದುತ್ತದೆ. ‘ಶೌಟ್ ಟು’ ಅಂದರೆ ಕೇಳಿಸಲಿ ಅಂತ ಕೂಗುವುದು, ‘ಶೌಟ್ ಆ್ಯಟ್’ ಅಂದರೆ ಗದರುವುದು. ಎರಡನ್ನೂ ಒಟ್ಟಿಗೆ ನೆನಪಿಡಿ.

ಪುಟ್ಟ ಪದವೇ ಇಲ್ಲದ ವಾಕ್ಯವೂ ಉಂಟು. ‘ಥ್ರೋ ಮಿ ದ ಕೀಸ್’ ಅಂದರೆ ನನ್ನನ್ನು ಎತ್ತಿ ಎಸೆ ಅಂತಲ್ಲ, ಕೀಲಿಕೈ ನನ್ನ ಕಡೆ ಎಸೆ ಅಂತ. ಇಲ್ಲಿ ‘ಟು’ ಒಳಗೇ ಅಡಗಿದೆ. ‘ಆ್ಯಟ್’ ಹೀಗೆ ಅಡಗುವುದಿಲ್ಲ.

ಹಂತ 3: ಬಲ ಎಷ್ಟು, ಮನಸ್ಸು ಹೇಗೆ ಅಂತ ಕೇಳಿಕೊಳ್ಳಿ

ಈಗ ಕಾಗದದ ಉಂಡೆ ಕೈಗೆ ತೆಗೆದುಕೊಳ್ಳಿ.

ಟಾಸ್. ಉಂಡೆಯನ್ನು ಅಂಗೈಯಲ್ಲಿಟ್ಟು ಹಗುರವಾಗಿ ಪಕ್ಕದ ಕುರ್ಚಿಯ ಮೇಲೆ ಹಾಕಿ. ಎಲ್ಲಿ ಬೀಳುತ್ತೆ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ಟಾಸ್. ಹಗುರ ವಸ್ತು, ಸಡಿಲ ಕೈ. ಕೀಲಿಕೈ, ದಿಂಬು, ಟವಲ್ಲು ಇವಕ್ಕೆ ಸರಿಹೊಂದುತ್ತದೆ. ನಾಣ್ಯ ಚಿಮ್ಮುವುದಕ್ಕೂ ಇದೇ ಪದ. ಅದರಿಂದಲೇ ‘ಟಾಸ್-ಅಪ್’ ಅಂದರೆ ಎರಡರಲ್ಲಿ ಯಾವುದಾಗುತ್ತೋ ಹೇಳಲಾಗದ ಸ್ಥಿತಿ. ರಾತ್ರಿಯಿಡೀ ನಿದ್ದೆ ಬಾರದೆ ಹೊರಳಾಡಿದರೆ ‘ಟಾಸ್ ಆ್ಯಂಡ್ ಟರ್ನ್’. ಇದರ ಭೂತಕಾಲ ಸರಳ, ಟಾಸ್ಡ್. ಒಂದು ಎಚ್ಚರಿಕೆ: ಟಾಸ್ ಮಾಡುವವನು ಅಂತ ನೀವೇ ‘ಟಾಸರ್’ ಎಂಬ ಪದ ಕಟ್ಟಿ ಬಳಸಬೇಡಿ. ಬ್ರಿಟನ್ನಿನಲ್ಲಿ ಅದು ಬೈಗುಳ.

ಲಾಬ್. ಉಂಡೆಯನ್ನು ಮೇಲಕ್ಕೆ ಕಮಾನಿನಂತೆ ಕಳಿಸಿ, ನಡುವಿನ ಏನನ್ನಾದರೂ ದಾಟಿ ಆಚೆ ಬೀಳುವ ಹಾಗೆ. ಟೆನಿಸ್‌ನಲ್ಲಿ ಬಲೆಯ ಹತ್ತಿರ ನಿಂತ ಎದುರಾಳಿಯ ತಲೆಯ ಮೇಲಿಂದ ಚೆಂಡನ್ನು ಎತ್ತಿ ಕಳಿಸುವುದು ಇದೇ.

ಫ್ಲಿಂಗ್. ಈಗ ತೋಳು ಪೂರ್ತಿ ಬೀಸಿ, ಗುರಿ ನೋಡದೆ ಬಿಡಿ. ಫ್ಲಿಂಗ್‌ನಲ್ಲಿ ಮನಸ್ಸು ಮುಖ್ಯ. ಸಿಟ್ಟು ಇರಬಹುದು, ಬೇಸರ ಇರಬಹುದು, ತಡೆಯಲಾಗದ ಖುಷಿಯೂ ಇರಬಹುದು. ಬಾಗಿಲನ್ನು ದಡಾರನೆ ತೆರೆದರೆ ಅದು ‘ಫ್ಲಿಂಗ್ ಓಪನ್’. ಬಹಳ ದಿನದ ಮೇಲೆ ಕಂಡವರನ್ನು ಓಡಿ ತಬ್ಬಿಕೊಂಡಾಗ ತೋಳುಗಳನ್ನು ‘ಫ್ಲಿಂಗ್’ ಮಾಡುತ್ತಾರೆ. ಭೂತಕಾಲ ಫ್ಲಂಗ್, ‘ಫ್ಲಿಂಗ್ಡ್’ ಅಲ್ಲ. ದೂರದೂರದಲ್ಲಿ ಚದುರಿದ ಜಾಗಗಳು ‘ಫಾರ್-ಫ್ಲಂಗ್’. ಆದರೆ ‘ಎ ಫ್ಲಿಂಗ್’ ಅಂತ ನಾಮಪದವಾಗಿ ಬಂದರೆ ಹುಷಾರು. ಅದು ಸಾಮಾನ್ಯವಾಗಿ ನಾಲ್ಕು ದಿನದ ಪ್ರೇಮ ಪ್ರಕರಣ.

ಹರ್ಲ್. ಮೈಯ ಬಲವನ್ನೆಲ್ಲ ಹಾಕಿ ಗೋಡೆಗೆ ಹೊಡೆಯಿರಿ. ಕಾಗದವೇ ಆದ್ದರಿಂದ ಪರವಾಗಿಲ್ಲ. ಹರ್ಲ್‌ನಲ್ಲಿ ಹಿಂಸೆಯ ವಾಸನೆ ಇದೆ. ಕಲ್ಲು, ಇಟ್ಟಿಗೆ, ಬಾಟಲಿ ಇದರ ಜೊತೆಗಾರರು. ಬೈಗುಳವೂ ಅಷ್ಟೇ. ನಾವು ಬೈಗುಳದ ಮಳೆ ಸುರಿಸಿದರೆ ಇಂಗ್ಲಿಷಿನವರು ‘ಹರ್ಲ್ ಅಬ್ಯೂಸ್’ ಅನ್ನುತ್ತಾರೆ. ಯಾರಿಗಾದರೂ ಹೂಗುಚ್ಛ ಎಸೆದದ್ದನ್ನು ಹರ್ಲ್ ಅಂತ ಬರೆದರೆ ಹೂವಿನ ಒಳಗೆ ಕಲ್ಲು ಇತ್ತೇನೋ ಅನ್ನಿಸುತ್ತದೆ. ಇದೇ ಸದ್ದಿನ ಇನ್ನೆರಡು ಪದಗಳ ಜೊತೆ ಕಲಸಬೇಡಿ. ‘ಹರ್ಟಲ್’ ಅಂದರೆ ತಾನೇ ಭರ್ರನೆ ನುಗ್ಗುವುದು. ‘ಹರ್ಡಲ್’ ಅಂದರೆ ಅಡೆತಡೆ.

ಚಕ್. ಇದು ಬಾಯಿಮಾತಿನ ಪದ. ಗೆಳೆಯರ ನಡುವೆ ‘ಚಕ್ ಇಟ್ ಹಿಯರ್’ ಅಂದರೆ ‘ಇತ್ಲಾಗೆ ಬಿಸಾಕು’ ಅಂದ ಹಾಗೆ. ಕಚೇರಿಯ ಪತ್ರದಲ್ಲಿ, ಪರೀಕ್ಷೆಯ ಪ್ರಬಂಧದಲ್ಲಿ ಇದನ್ನು ತರಬೇಡಿ.

ಹೀವ್. ಇದಕ್ಕೆ ಕಾಗದದ ಉಂಡೆ ಸಾಲದು. ಎತ್ತಲಾರದ ಮೂಟೆಯನ್ನು ಏದುಸಿರು ಬಿಡುತ್ತಾ ಎತ್ತಿ ಹಾಕುವುದು ಹೀವ್. ಭಾರ ಇಲ್ಲದಿದ್ದರೆ ಹೀವ್ ಇಲ್ಲ. ನಿಟ್ಟುಸಿರು ಬಿಡುವುದಕ್ಕೆ ‘ಹೀವ್ ಎ ಸೈ’ ಅನ್ನುವುದೂ ಇದರಿಂದಲೇ. ಎದೆಯ ಭಾರ ಎತ್ತಿ ಹೊರಗೆ ಹಾಕಿದ ಹಾಗೆ.

ಸ್ಲಿಂಗ್. ನಮ್ಮ ಕವಣೆ. ತೂಗಾಡುವ ಗುಣ ಇದರಲ್ಲಿದೆ. ಅದಕ್ಕೇ ಚೀಲವನ್ನು ಹೆಗಲಿಗೆ ಇಳಿಬಿಟ್ಟರೂ ಸ್ಲಿಂಗ್, ಮುರಿದ ಕೈಯನ್ನು ಕುತ್ತಿಗೆಗೆ ತೂಗುಹಾಕುವ ಬಟ್ಟೆಯೂ ಸ್ಲಿಂಗ್. ಭೂತಕಾಲ ಸ್ಲಂಗ್.

ಈಗ ಒಂದೇ ಘಟನೆಯನ್ನು ನಾಲ್ಕು ಸಲ ಹೇಳಿ ನೋಡಿ. ಒಬ್ಬಳು ಫೈಲನ್ನು ಮೇಜಿನ ಮೇಲೆ ಎಸೆದಳು. ‘ಟಾಸ್ಡ್’ ಅಂದರೆ ಅವಳಿಗೆ ಅದರ ಬಗ್ಗೆ ಅಷ್ಟೇನೂ ಲಕ್ಷ್ಯ ಇಲ್ಲ. ‘ಫ್ಲಂಗ್’ ಅಂದರೆ ರೇಗಿದೆ. ‘ಹರ್ಲ್ಡ್’ ಅಂದರೆ ಎದುರಿಗಿದ್ದವರು ಬಗ್ಗಿರಬೇಕು. ‘ಥ್ರೂ’ ಅಂದರೆ ಬರೆದವರು ಅವಳ ಮನಸ್ಸಿನ ಬಗ್ಗೆ ಏನೂ ಹೇಳಲಿಲ್ಲ. ಕನ್ನಡದಲ್ಲಿ ಇದನ್ನು ‘ಹಾಕಿದಳು, ಬಿಸಾಕಿದಳು, ಬೀಸಿ ಒಗೆದಳು’ ಅಂತ ಬೇರೆ ಮಾಡುತ್ತೇವೆ. ಇಲ್ಲವೇ ‘ಸಿಟ್ಟಿನಿಂದ’ ಅಂತ ಒಂದು ಪದ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಸರಿಯಾದ ಕ್ರಿಯಾಪದ ಹಾಕಿದ ಮೇಲೆ ‘ಆ್ಯಂಗ್ರಿಲಿ’ ಸೇರಿಸುವ ಅಗತ್ಯ ಇರುವುದಿಲ್ಲ. ಸೇರಿಸಿದರೆ ಉಪ್ಪಿನ ಮೇಲೆ ಉಪ್ಪು.

ಹಂತ 4: ‘ಪೆಲ್ಟ್’ ಪದದ ತಲೆಕೆಳಗಾದ ವ್ಯಾಕರಣ

ಪೆಲ್ಟ್ ಅಂದರೆ ಒಂದರ ಮೇಲೊಂದು ಎಸೆಯುತ್ತಲೇ ಇರುವುದು. ಒಂದೇ ಒಂದು ಕಲ್ಲು ಎಸೆದು ಸುಮ್ಮನಾದರೆ ಅದು ಪೆಲ್ಟ್ ಅಲ್ಲ. ನಮ್ಮ ಪತ್ರಿಕೆಗಳ ‘ಕಲ್ಲು ತೂರಾಟ’ಕ್ಕೆ ಇದು ಹತ್ತಿರದ ಪದ.

ತೊಡಕು ಇರುವುದು ಕರ್ಮಪದದಲ್ಲಿ. ಥ್ರೋ ಆದ ಕೂಡಲೇ ಎಸೆದ ವಸ್ತು ಬರುತ್ತದೆ: ‘ಥ್ರೂ ಸ್ಟೋನ್ಸ್ ಆ್ಯಟ್ ದ ಬಸ್’. ಪೆಲ್ಟ್ ಆದ ಮೇಲೆ ಏಟು ತಿಂದವರು ಬರುತ್ತಾರೆ: ‘ಪೆಲ್ಟೆಡ್ ದ ಬಸ್ ವಿತ್ ಸ್ಟೋನ್ಸ್’. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಪೆಲ್ಟೆಡ್ ಸ್ಟೋನ್ಸ್ ಆ್ಯಟ್’ ಅಂತ ದಿನವೂ ಓದುತ್ತೇವೆ. ಇಲ್ಲಿ ಅದು ರೂಢಿಯಾಗಿಬಿಟ್ಟಿದೆ. ಅದನ್ನು ತಪ್ಪು ಅಂತ ಜಗಳ ಆಡಲು ನನಗೆ ಮನಸ್ಸಿಲ್ಲ. ಆದರೆ ಹೊರದೇಶದ ಪರೀಕ್ಷೆಗೆ ಬರೆಯುವಾಗ ‘ವಿತ್’ ಇರುವ ರೂಪವನ್ನೇ ಬಳಸಿ. ಜೋರು ಮಳೆಗೆ ‘ಪೆಲ್ಟಿಂಗ್ ರೇನ್’ ಅನ್ನುತ್ತಾರೆ. ಪ್ರಾಣಿಯ ಚರ್ಮಕ್ಕೂ ‘ಪೆಲ್ಟ್’ ಎಂಬ ಪದ ಇದೆ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ.

ಹಂತ 5: ‘ಕಾಸ್ಟ್’ ಪದಕ್ಕೆ ಬೇರೆ ಪುಟ ಮಾಡಿ

ಕಾಸ್ಟ್ ಸ್ಕ್ಯಾಂಡಿನೇವಿಯಾದವರ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ. ಒಂದು ಕಾಲದಲ್ಲಿ ಚೆಂಡು, ಕಲ್ಲು ಎಸೆಯುವುದಕ್ಕೂ ಇದನ್ನು ಧಾರಾಳವಾಗಿ ಬಳಸುತ್ತಿದ್ದರು. ಈಗ ಆ ಕೆಲಸವನ್ನೆಲ್ಲ ಥ್ರೋ ಮಾಡುತ್ತದೆ. ಕಾಸ್ಟ್‌ಗೆ ಕೆಲವೇ ಜೊತೆಗಾರರು ಉಳಿದಿದ್ದಾರೆ. ಅವರನ್ನು ಜೋಡಿಯಾಗಿಯೇ ಕಲಿಯಬೇಕು.

ಬಲೆ ಅಥವಾ ಗಾಳ ಬೀಸಿದರೆ ‘ಕಾಸ್ಟ್ ಎ ನೆಟ್’, ‘ಕಾಸ್ಟ್ ಎ ಲೈನ್’. ಮತ ಚಲಾಯಿಸಿದರೆ ‘ಕಾಸ್ಟ್ ಎ ವೋಟ್’. ಕಣ್ಣು ಹಾಯಿಸಿದರೆ ‘ಕಾಸ್ಟ್ ಎ ಗ್ಲಾನ್ಸ್’. ನೆರಳು ಚೆಲ್ಲಿದರೆ ‘ಕಾಸ್ಟ್ ಎ ಶ್ಯಾಡೋ’. ಅನುಮಾನ ಹುಟ್ಟಿಸಿದರೆ ‘ಕಾಸ್ಟ್ ಡೌಟ್’. ಮಾಟ ಮಾಡಿದರೆ ‘ಕಾಸ್ಟ್ ಎ ಸ್ಪೆಲ್’. ಕನ್ನಡದಲ್ಲಿ ಆರಕ್ಕೂ ಬೇರೆ ಬೇರೆ ಕ್ರಿಯಾಪದ ಬಂದದ್ದನ್ನು ಗಮನಿಸಿದಿರಾ? ಹಾಗಾಗಿ ಇಲ್ಲಿ ಪದದಿಂದ ಪದಕ್ಕೆ ಅನುವಾದ ಮಾಡಿದರೆ ಕೆಲಸ ಕೆಟ್ಟಿತು. ‘ಮತ ಎಸೆದ’ ಅಂತ ಯಾರೂ ಹೇಳುವುದಿಲ್ಲ.

ಕರಗಿಸಿದ ಲೋಹವನ್ನು ಅಚ್ಚಿಗೆ ಹೊಯ್ಯುವುದೂ ಕಾಸ್ಟ್. ಹಾಗೆ ಹುಟ್ಟಿದ್ದು ಎರಕದ ಕಬ್ಬಿಣ, ಅಂದರೆ ‘ಕಾಸ್ಟ್ ಐರನ್’. ಸಿನಿಮಾದ ನಟವರ್ಗವೂ ಕಾಸ್ಟ್.

‘ಬ್ರಾಡ್‌ಕಾಸ್ಟ್’ ಪದ ನನಗೆ ತುಂಬ ಇಷ್ಟ. ಅದು ರೇಡಿಯೋಗಿಂತ ಹಳೆಯದು, ಮೊದಲು ಹೊಲದಲ್ಲಿತ್ತು. ಬೀಜವನ್ನು ಸಾಲಿನಲ್ಲಿ ಹಾಕದೆ ಕೈಯಿಂದ ಅಗಲವಾಗಿ ಎರಚುವುದಕ್ಕೆ ಆ ಹೆಸರು. ರೇಡಿಯೋ ಬಂದ ಮೇಲೆ ಮಾತನ್ನು ಎಲ್ಲ ಕಡೆ ಎರಚುವುದಕ್ಕೂ ಅದೇ ನಿಂತಿತು. ನಮ್ಮ ‘ಬಿತ್ತರಿಸು’ ಕೇಳಲು ‘ಬಿತ್ತು’ವಿನ ನೆಂಟನ ಹಾಗಿದೆ. ಆದರೆ ಅದು ಸಂಸ್ಕೃತದ ‘ವಿಸ್ತರ’ದಿಂದ ಬಂದ ಪದ. ಹೋಲಿಕೆ ಬರೀ ಆಕಸ್ಮಿಕ, ಆದರೂ ಚೆನ್ನಾಗಿದೆ.

ಇಲ್ಲಿ ಮೂರು ಎಚ್ಚರಿಕೆ. ಒಂದು, ಕಾಸ್ಟ್‌ನ ಮೂರು ರೂಪವೂ ಕಾಸ್ಟ್ ಆಗಿಯೇ ಇರುತ್ತದೆ. ‘ಕಾಸ್ಟೆಡ್’ ಅಂತ ಬರೆಯಬೇಡಿ. ಎರಡು, ಕನ್ನಡ ಲಿಪಿಯಲ್ಲಿ ಬರೆದಾಗ ಎಸೆಯುವ ಕಾಸ್ಟ್, ಜಾತಿ ಎನ್ನುವ ಕಾಸ್ಟ್, ಬೆಲೆ ಎನ್ನುವ ಕಾಸ್ಟ್ ಮೂರೂ ಒಂದೇ ರೀತಿ ಕಾಣುತ್ತವೆ. ಇಂಗ್ಲಿಷಿನಲ್ಲಿ ಎಸೆಯುವುದಕ್ಕೆ ಕೊನೆಯಲ್ಲಿ ಇ ಇಲ್ಲ, ಜಾತಿಗೆ ಇ ಇದೆ, ಬೆಲೆಗೆ ಎ ಬದಲು ಓ. ಜಾತಿಯ ಪದ ಪೋರ್ಚುಗೀಸರ ‘ಕಾಸ್ಟಾ’ದಿಂದ ಬಂದದ್ದು, ಎಸೆಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೂರು, ‘ದ ಡೈ ಈಸ್ ಕಾಸ್ಟ್’ ಅಂದರೆ ಅಚ್ಚು ಹೊಯ್ದಾಯಿತು ಅಂತಲ್ಲ. ಇಲ್ಲಿ ‘ಡೈ’ ಅಂದರೆ ದಾಳ. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ಸೈನ್ಯದೊಂದಿಗೆ ರೂಬಿಕಾನ್ ನದಿ ದಾಟುವಾಗ ಲ್ಯಾಟಿನ್‌ನಲ್ಲಿ ಆಡಿದ ಮಾತು ಅದು ಅನ್ನುತ್ತಾರೆ. ದಾಳ ಉರುಳಿತು, ಇನ್ನು ಹಿಂದೆ ಹೋಗುವಂತಿಲ್ಲ.

ಹಂತ 6: ಥ್ರೋ ಬಾಲಕ್ಕೆ ಅಂಟುವ ಪುಟ್ಟ ಪದಗಳು

ಥ್ರೋ ಅವೇ. ಬೇಡದ್ದನ್ನು ಬಿಸಾಡುವುದು. ಬಂದ ಅವಕಾಶವನ್ನು ಕೈಯಾರೆ ಹಾಳುಮಾಡಿಕೊಂಡರೂ ಇದೇ.

ಥ್ರೋ ಔಟ್. ಇದೂ ಬಿಸಾಡುವುದೇ. ಜೊತೆಗೆ ಇನ್ನೆರಡು ಕೆಲಸ ಇದೆ. ಒಬ್ಬರನ್ನು ಹೊರಗೆ ಹಾಕಿದರೆ ಥ್ರೋ ಔಟ್. ನ್ಯಾಯಾಲಯ ಒಂದು ಪ್ರಕರಣವನ್ನು ತಳ್ಳಿಹಾಕಿದರೂ ಥ್ರೋ ಔಟ್. ಮನುಷ್ಯರಿಗೆ ‘ಅವೇ’ ಬಳಸಬೇಡಿ, ಅವರು ಕಸ ಆಗಿಬಿಡುತ್ತಾರೆ. ಕಿಟಕಿಯಿಂದ ಹೊರಗೆ ಎಸೆಯುವುದಕ್ಕೆಂದೇ ಇಂಗ್ಲಿಷಿನಲ್ಲಿ ಒಂದು ಪದ ಇದೆ, ‘ಡಿಫೆನೆಸ್ಟ್ರೇಷನ್’. ಲ್ಯಾಟಿನ್‌ನಲ್ಲಿ ‘ಫೆನೆಸ್ಟ್ರಾ’ ಅಂದರೆ ಕಿಟಕಿ. 1618ರಲ್ಲಿ ಪ್ರಾಗ್ ನಗರದಲ್ಲಿ ಅಧಿಕಾರಿಗಳನ್ನು ಕೋಟೆಯ ಕಿಟಕಿಯಿಂದ ಹೊರಗೆ ಎಸೆದರು. ಅವರು ಬದುಕಿಕೊಂಡರು, ಆದರೆ ಯುರೋಪಿನ ಮೂವತ್ತು ವರ್ಷಗಳ ಯುದ್ಧಕ್ಕೆ ಅದು ಕಿಡಿಯಾಯಿತು.

ಥ್ರೋ ಅಪ್. ಮೇಲಕ್ಕೆ ಎಸೆ ಅಂತ ನೀವು ಬರೆದರೆ ಓದುವವರ ತಲೆಗೆ ಮೊದಲು ಬರುವುದು ವಾಂತಿ. ‘ಚೆಂಡನ್ನು ಮೇಲಕ್ಕೆ ಎಸೆದೆ’ ಅನ್ನಲು ‘ಥ್ರೂ ದ ಬಾಲ್ ಅಪ್ ಇನ್ ದ ಏರ್’ ಅಂತ ಪೂರ್ತಿ ಬರೆಯಿರಿ.

ಥ್ರೋ ಇನ್. ಇದಕ್ಕೆ ಕನ್ನಡದಲ್ಲಿ ಚೆಂದದ ಪದ ಇದೆ, ಕೊಸರು. ಕೊಂಡದ್ದರ ಜೊತೆ ಬಿಟ್ಟಿಯಾಗಿ ಏನಾದರೂ ಸೇರಿಸಿ ಕೊಟ್ಟರೆ ‘ಥ್ರೋ ಇನ್’.

ಥ್ರೋ ಆನ್ ಅಂದರೆ ಅವಸರದಲ್ಲಿ ಬಟ್ಟೆ ಸಿಕ್ಕಿಸಿಕೊಳ್ಳುವುದು. ಥ್ರೋ ಆಫ್ ಅಂದರೆ ಕಿತ್ತೊಗೆಯುವುದು, ಹೊದಿಕೆಯಾಗಲಿ, ನೆಗಡಿಯಾಗಲಿ. ಪುಟ್ಟ ಪದ ಮುಂದೆ ಬಂದು ಅಂಟಿಕೊಂಡರೆ ಅರ್ಥವೇ ಬೇರೆ. ‘ಓವರ್‌ಥ್ರೋ’ ಅಂದರೆ ಸರ್ಕಾರವನ್ನು ಉರುಳಿಸುವುದು. ಕ್ರಿಕೆಟ್‌ನಲ್ಲಾದರೆ ಅಳತೆ ತಪ್ಪಿದ ಎಸೆತ.

ಈ ಹಂತದ ದೊಡ್ಡ ತಪ್ಪು ಜಾಗದ್ದು. ‘ಇಟ್’, ‘ದೆಮ್’ ಥರದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. ‘ಥ್ರೋ ಇಟ್ ಅವೇ’ ಸರಿ. ‘ಥ್ರೋ ಅವೇ ಇಟ್’ ಸರಿಯಲ್ಲ. ವಸ್ತುವಿನ ಹೆಸರು ಬಂದರೆ ಎರಡು ಕಡೆಯೂ ನಡೆಯುತ್ತದೆ.

ಹಂತ 7: ಮೈದಾನದ ಪದಗಳು

ಇದನ್ನು ಬೇಗ ಮುಗಿಸೋಣ, ಬಹಳಷ್ಟು ನಿಮಗೇ ಗೊತ್ತಿರುತ್ತದೆ. ಕ್ರಿಕೆಟ್‌ನಲ್ಲಿ ಬೌಲರ್ ಮಾಡುವುದು ‘ಬೌಲ್’, ಫೀಲ್ಡರ್ ಮಾಡುವುದು ‘ಥ್ರೋ’. ಬೌಲರ್ ‘ಥ್ರೋ’ ಮಾಡಿದ ಅಂದರೆ ಅದು ಆರೋಪ! ‘ಚಕ್’ ಮಾಡಿದ ಅಂದರೂ ಅದೇ ಆರೋಪ. ತೋಳು ಮೇಲೆ ಬರುವಾಗ ಮಡಿಸಿದ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೆಟ್ಟಗೆ ಮಾಡುವುದನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಒಪ್ಪುವುದಿಲ್ಲ. ಬೇಸ್‌ಬಾಲ್‌ನಲ್ಲಿ ಎಸೆಯುವುದು ‘ಪಿಚ್’. ಕ್ರಿಕೆಟ್‌ನಲ್ಲಿ ‘ಪಿಚ್’ ಅಂದರೆ 22 ಗಜದ ಆಟದ ಪಟ್ಟಿ, ಅಥವಾ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದು. ಆಟದ ಆಚೆಗೆ ಡೇರೆ ಹೊಡೆದರೂ ಪಿಚ್, ಹೊಸ ಯೋಜನೆಯನ್ನು ಒಪ್ಪಿಸಲು ಮಾತಾಡಿದರೂ ಪಿಚ್.

ಜಾವೆಲಿನ್, ಡಿಸ್ಕಸ್, ಹ್ಯಾಮರ್ ಮೂರಕ್ಕೂ ‘ಥ್ರೋ’. ಜೆಕ್ ಆಟಗಾರ ಯಾನ್ ಜೆಲೆಜ್ನಿ 1996ರಲ್ಲಿ ಜಾವೆಲಿನ್ನನ್ನು 98.48 ಮೀಟರ್ ದೂರಕ್ಕೆ ಕಳಿಸಿದ್ದು ಥ್ರೋ. ಆದರೆ ಗುಂಡಿಗೆ ಮಾತ್ರ ‘ಶಾಟ್ ಪುಟ್’. ಯಾಕೆ? ಗಂಡಸರ ಗುಂಡು 7.26 ಕಿಲೋ, ಹೆಂಗಸರದ್ದು 4 ಕಿಲೋ. ಅದನ್ನು ಕುತ್ತಿಗೆಯ ಹತ್ತಿರ ಇಟ್ಟುಕೊಂಡು ಹೆಗಲಿನಿಂದ ತಳ್ಳಬೇಕು. ಕೈ ಹಿಂದಕ್ಕೆ ಒಯ್ದು ಬೀಸುವಂತಿಲ್ಲ. ಅಂದರೆ ಅದು ಎಸೆತವೇ ಅಲ್ಲ, ನೂಕುವುದು. ಅದಕ್ಕೇ ‘ಥ್ರೋ ದ ಶಾಟ್’ ಅನ್ನದೆ ‘ಪುಟ್ ದ ಶಾಟ್’ ಅನ್ನಿ.

ತಂತ್ರಾಂಶ ಬರೆಯುವವರಿಗೆ ಒಂದು ಸಾಲು: ಪ್ರೋಗ್ರಾಂ ತಪ್ಪನ್ನು ‘ಥ್ರೋ’ ಮಾಡುತ್ತದೆ, ಇನ್ನೊಂದು ಭಾಗ ಅದನ್ನು ‘ಕ್ಯಾಚ್’ ಮಾಡುತ್ತದೆ. ಆ ಜೋಡಿಯನ್ನು ಬದಲಿಸಿ ‘ಟಾಸ್’ ಅಂತೆಲ್ಲ ಬರೆಯಬೇಡಿ.

ಹಂತ 8: ನುಡಿಗಟ್ಟುಗಳಿಗೆ ಕನ್ನಡದ ಜೋಡಿ ಹುಡುಕಿ

ನುಡಿಗಟ್ಟನ್ನು ಉರು ಹೊಡೆಯುವುದಕ್ಕಿಂತ ನಮ್ಮದೊಂದು ಜೋಡಿ ಸಿಗುತ್ತಾ ನೋಡಿ. ಸಿಕ್ಕರೆ ಮರೆಯುವುದಿಲ್ಲ.

‘ಥ್ರೋ ಲೈಟ್ ಆನ್’ ನಮ್ಮ ‘ಬೆಳಕು ಚೆಲ್ಲು’. ‘ಥ್ರೋ ಡಸ್ಟ್ ಇನ್ ದ ಐಸ್’ ಅಂದರೆ ‘ಕಣ್ಣಿಗೆ ಮಣ್ಣೆರಚು’. ‘ಮಡ್‌ಸ್ಲಿಂಗಿಂಗ್’ ಚುನಾವಣೆಯ ಕಾಲದ ‘ಕೆಸರೆರಚಾಟ’. ‘ಎ ಸ್ಟೋನ್ಸ್ ಥ್ರೋ’ ಅಂದರೆ ‘ಕಲ್ಲೆಸೆದಷ್ಟು ದೂರ’, ತೀರಾ ಹತ್ತಿರ ಅಂತ. ‘ಥ್ರೋ ಇನ್ ದ ಟವಲ್’ ಅಂದರೆ ‘ಕೈ ಚೆಲ್ಲು’. ಬಾಕ್ಸಿಂಗ್‌ನಲ್ಲಿ ಇನ್ನು ಆಗದು ಅಂತ ಕಂಡಾಗ ಆಟಗಾರನ ಕಡೆಯವರು ಕಣದೊಳಗೆ ಟವಲ್ ಎಸೆಯುತ್ತಿದ್ದುದರಿಂದ ಬಂದದ್ದು. ‘ಥ್ರೋ ಕಾಶನ್ ಟು ದ ವಿಂಡ್’ ಅಂದರೆ ಎಚ್ಚರಿಕೆಯನ್ನು ‘ಗಾಳಿಗೆ ತೂರು’. ‘ಥ್ರೋ ಡೌನ್ ದ ಗಾಂಟ್ಲೆಟ್’ ಅಂದರೆ ‘ಸವಾಲು ಎಸೆ’. ಗಾಂಟ್ಲೆಟ್ ಅನ್ನುವುದು ಯೋಧನ ಕೈಗವಸು. ಅದನ್ನು ಎದುರಾಳಿಯ ಮುಂದೆ ನೆಲಕ್ಕೆ ಎಸೆದರೆ ಬಾ ಕಾಳಗಕ್ಕೆ ಅಂದ ಹಾಗೆ.

ಜೋಡಿ ಸಿಗದವೂ ಇವೆ. ‘ಥ್ರೋ ಎ ಪಾರ್ಟಿ’ ಅಂದರೆ ಪಾರ್ಟಿ ಏರ್ಪಡಿಸು. ‘ಥ್ರೋ ಎ ಟ್ಯಾಂಟ್ರಮ್’ ಅಂದರೆ ರಂಪ ಮಾಡು. ‘ಥ್ರೋ ಎ ಮ್ಯಾಚ್’ ಅಂದರೆ ಬೇಕಂತಲೇ ಸೋಲು. ‘ದ್ಯಾಟ್ ಥ್ರೂ ಮಿ’ ಅಂದರೆ ಅದು ನನ್ನನ್ನು ಗಲಿಬಿಲಿ ಮಾಡಿತು. ‘ಥ್ರೋ ಸಮ್‌ಒನ್ ಅಂಡರ್ ದ ಬಸ್’ ಅಂದರೆ ತನ್ನ ತಲೆ ಉಳಿಸಿಕೊಳ್ಳಲು ಜೊತೆಯವರನ್ನು ಬಲಿ ಕೊಡು. ಇವನ್ನು ಮಾತ್ರ ಬಾಯಿಪಾಠ ಮಾಡಿ.

ಹಂತ 9: ಬೇರು ಹಿಡಿದರೆ ಹತ್ತಾರು ಪದ ಬಿಟ್ಟಿ

ಲ್ಯಾಟಿನ್‌ನಲ್ಲಿ ‘ಯಾಕೆರೆ’ ಅಂದರೆ ಎಸೆಯುವುದು. ಸೀಸರ್ ಮಾತಿನಲ್ಲಿ ದಾಳ ಉರುಳಿದ್ದೂ ಇದೇ ಕ್ರಿಯಾಪದದಿಂದ. ಇಂಗ್ಲಿಷಿಗೆ ಬಂದಾಗ ಅದು ‘ಜೆಕ್ಟ್’ ಆಯಿತು. ಇನ್ನು ಲೆಕ್ಕ ಸುಲಭ. ‘ರಿಜೆಕ್ಟ್’ ಅಂದರೆ ಹಿಂದಕ್ಕೆ ಎಸೆ, ತಿರಸ್ಕರಿಸು. ‘ಇಂಜೆಕ್ಟ್’ ಅಂದರೆ ಒಳಗೆ ಎಸೆ, ಚುಚ್ಚುಮದ್ದು ಕೊಡು. ‘ಇಜೆಕ್ಟ್’ ಹೊರಕ್ಕೆ. ‘ಪ್ರಾಜೆಕ್ಟ್’ ಮುಂದಕ್ಕೆ, ಹಾಗಾಗಿ ಪ್ರೊಜೆಕ್ಟರ್ ಚಿತ್ರವನ್ನು ಪರದೆಗೆ ಎಸೆಯುತ್ತದೆ. ‘ಇಂಟರ್‌ಜೆಕ್ಟ್’ ಅಂದರೆ ನಡುವೆ ಬಾಯಿ ಹಾಕು. ‘ಡಿಜೆಕ್ಟೆಡ್’ ಅಂದರೆ ಕೆಳಗೆ ಎಸೆಯಲ್ಪಟ್ಟವನು, ಮನಸ್ಸು ಕುಸಿದವನು. ‘ಟ್ರಾಜೆಕ್ಟರಿ’ ಅಂದರೆ ಎಸೆದ ವಸ್ತು ಸಾಗುವ ದಾರಿ. ವ್ಯಾಕರಣದ ‘ಅಡ್ಜೆಕ್ಟಿವ್’ ಕೂಡ ನಾಮಪದದ ಪಕ್ಕಕ್ಕೆ ಎಸೆದ ಪದವೇ.

ಗ್ರೀಕಿನ ಎಸೆತ ‘ಬಾಲೀನ್’. ಅಲ್ಲಿಂದ ‘ಬ್ಯಾಲಿಸ್ಟಿಕ್’ ಬಂತು. ‘ಸಿಂಬಲ್’ ಅಂದರೆ ಒಟ್ಟಿಗೆ ಎಸೆದದ್ದು, ಸಂಕೇತ. ‘ಹೈಪರ್‌ಬೋಲಿ’ ಅಂದರೆ ಅಳತೆ ಮೀರಿ ಎಸೆದದ್ದು, ಉತ್ಪ್ರೇಕ್ಷೆ. ‘ಪ್ರಾಬ್ಲಂ’ ಅಂದರೆ ನಮ್ಮ ಮುಂದೆ ತಂದು ಎಸೆದದ್ದು. ಇದಕ್ಕಿಂತ ಸರಿಯಾದ ವಿವರಣೆ ನಾನು ಕೇಳಿಲ್ಲ.

ಹಂತ 10: ಈಗ ನಿಮ್ಮ ಸರದಿ

ಕೆಳಗಿನ ಐದು ವಾಕ್ಯಗಳಿಗೆ ಕ್ರಿಯಾಪದ ಆರಿಸಿ. ಉತ್ತರ ನೋಡುವ ಮೊದಲು ಬರೆದಿಡಿ.

1. ಅವನು ಸೋಫಾ ಮೇಲೆ ಕುಳಿತೇ ರಿಮೋಟನ್ನು ತಂಗಿಯ ಕಡೆ ಎಸೆದ.
2. ಜನ ವೇದಿಕೆಯ ಮೇಲಿದ್ದವನಿಗೆ ಟೊಮೆಟೊ ಮೇಲೆ ಟೊಮೆಟೊ ಎಸೆದರು.
3. ಇಬ್ಬರು ಹಮಾಲರು ಮೂಟೆಯನ್ನು ಲಾರಿಗೆ ಎತ್ತಿ ಹಾಕಿದರು.
4. ಆ ವರದಿ ಅವನ ಮಾತಿನ ಮೇಲೆ ಅನುಮಾನ ಹುಟ್ಟಿಸಿತು.
5. ಹಳೆಯ ಪತ್ರಗಳು ಎಲ್ಲಿ? ನಾನು ಅವನ್ನು ಬಿಸಾಡಿದೆ.

ಮೊದಲನೆಯದು ‘ಟಾಸ್ಡ್’, ಹಿಂದೆ ‘ಟು’. ಇಲ್ಲಿ ‘ಆ್ಯಟ್’ ಹಾಕಿದ್ದರೆ ಅಣ್ಣ ತಂಗಿ ಜಗಳ ಆಡುತ್ತಿದ್ದಾರೆ. ಎರಡನೆಯದು ‘ಪೆಲ್ಟೆಡ್’, ಮೊದಲು ಏಟು ತಿಂದವನು, ಆಮೇಲೆ ‘ವಿತ್ ಟೊಮೆಟೋಸ್’. ಮೂರನೆಯದು ‘ಹೀವ್ಡ್’. ನಾಲ್ಕನೆಯದು ‘ಕಾಸ್ಟ್ ಡೌಟ್ ಆನ್’, ಭೂತಕಾಲವಾದರೂ ಕಾಸ್ಟ್ ಹಾಗೇ ಇರುತ್ತದೆ. ಐದನೆಯದು ‘ಐ ಥ್ರೂ ದೆಮ್ ಅವೇ’. ‘ಥ್ರೂ ಅವೇ ದೆಮ್’ ಅಂತ ಬರೆದಿದ್ದರೆ ಆರನೇ ಹಂತದ ಕೊನೆಯ ಪ್ಯಾರಾ ಮತ್ತೊಮ್ಮೆ ಓದಿ.